ಅಪ್ಪನನ್ನು ಮೆಟ್ಟಿಲ ಮೇಲೆ ಕೂರಿಸಬೇಡಿ

ಮಾನ್ಯ ಸಂಪಾದಕರೇ,

ಗಂಡಸರಿಗೆ ಪಿತೃತ್ವ ರಜೆ ಕೊಟ್ಟರೆ ಅದನ್ನು ಮಲಗಿ ಕಳೆಯುತ್ತಾರೆ ಎಂದು ಓದುಗರೊಬ್ಬರು ಕಳೆದ ವಾರ ಇದೇ ಅಂಕಣದಲ್ಲಿ ಬರೆದಿದ್ದರು. ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದ ನನಗೆ, ಅಂದರೆ ಊರವರ ಬಾಯಲ್ಲಿ ಇಂದಿಗೂ ನರ್ಸಮ್ಮನಾದವಳಿಗೆ, ಆ ಮಾತು ಪೂರ್ತಿ ಸುಳ್ಳೆನ್ನಿಸಲಿಲ್ಲ. ಮಲಗುವವರೂ ಇದ್ದಾರೆ. ಆದರೆ ಎದ್ದು ಕೂತವನ ಕೈಗಾದರೂ ನಾವು ಮಗುವನ್ನು ಕೊಟ್ಟಿದ್ದೇವೆಯೇ?

ನಮ್ಮ ಕಡೆ ಮೊದಲ ಹೆರಿಗೆ ತವರಿನಲ್ಲೇ. ಸೀಮಂತ ಮುಗಿಸಿಕೊಂಡು ಬಂದ ಹುಡುಗಿ ಮಗುವಿಗೆ ಮೂರೋ ಐದೋ ತಿಂಗಳು ತುಂಬಿದ ಮೇಲೆಯೇ ಗಂಡನ ಮನೆಗೆ ಮರಳುವುದು. ಈ ಏರ್ಪಾಟನ್ನು ಹಳಿಯುವವಳು ನಾನಲ್ಲ. ಹೆತ್ತವಳಿಗೆ ಹೊತ್ತಿಗೆ ಸರಿಯಾಗಿ ಬಿಸಿ ಊಟ, ಎಣ್ಣೆನೀರು, ಒಂದಿಷ್ಟು ನಿದ್ದೆ ಸಿಗುವುದು ಅಲ್ಲೇ. ಆದರೆ ಅಲ್ಲಿ ಮಗುವಿನ ಅಪ್ಪ ಬರೀ ನೆಂಟ. ಶನಿವಾರ ರಾತ್ರಿಯ ಬಸ್ಸಿಗೆ ಬರುತ್ತಾನೆ. ಅಳಿಯಂದಿರಿಗೆ ಕಾಫಿ, ಅಳಿಯಂದಿರಿಗೆ ಒಬ್ಬಟ್ಟು, ಅಳಿಯಂದಿರಿಗೆ ನಡುಮನೆಯಲ್ಲಿ ಹಾಸಿಗೆ. ಕೂಸಿಗೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಕಾಡಿಗೆ ಬೊಟ್ಟಿಟ್ಟು, ಬಟ್ಟೆಯಲ್ಲಿ ಸುತ್ತಿ ಅವನ ತೊಡೆಯ ಮೇಲಿಡುತ್ತಾರೆ. (ಹೊಗೆಯೂ ಬೇಡ, ಕಾಡಿಗೆಯೂ ಬೇಡ ಎಂದು ಹೇಳುವುದರಲ್ಲೇ ನನ್ನ ಸೇವಾವಧಿ ಮುಗಿಯಿತು, ಅದಕ್ಕೆ ಬೇರೆಯೇ ಪತ್ರ ಬರೆಯಬೇಕು.) ಒದ್ದೆ ಮಾಡಿತೋ, ಕೂಡಲೇ ಯಾರಾದರೂ ಎತ್ತಿಕೊಂಡು ಒಳಗೆ ನಡೆಯುತ್ತಾರೆ. ಭಾನುವಾರ ಸಂಜೆ ಅವನು ಮೊಬೈಲ್ ತುಂಬ ಫೋಟೊ ತುಂಬಿಕೊಂಡು ಹೊರಡುತ್ತಾನೆ.

ಸರ್ಕಾರಿ ಶಾಲೆಯ ಮೇಷ್ಟರಾಗಿರುವ ನನ್ನ ಅಣ್ಣನ ಮಗನಿಗೆ 15 ದಿನಗಳ ಪಿತೃತ್ವ ರಜೆ ಸಿಕ್ಕಿತು. ಹೆಂಡತಿ, ಮಗು ಹುಬ್ಬಳ್ಳಿಯಲ್ಲಿ. ಅಷ್ಟು ದಿನ ಅತ್ತೆಮನೆಯಲ್ಲಿ ಉಳಿದರೆ ಮನೆಅಳಿಯನಾದ ಎನ್ನುತ್ತಾರೆಂದು ಅಂಜಿ, ಎರಡೇ ದಿನಕ್ಕೆ ವಾಪಸು ಬಂದು ಉಳಿದ ರಜೆಯಲ್ಲಿ ಮನೆಗೆ ಸುಣ್ಣಬಣ್ಣ ಮಾಡಿಸಿದ. ಪತ್ರ ಬರೆದ ಓದುಗರು ನೋಡಿದ್ದು ಬಹುಶಃ ಇಂಥವರನ್ನೇ.

ನಮ್ಮ ಮನೆಯಲ್ಲಿ ಬೇರೆಯೇ ಆಯಿತು. ನನ್ನ ಮಗಳಿಗೆ ತಿಂಗಳು ತುಂಬುವ ಮೊದಲೇ ಸಿಸೇರಿಯನ್ ಮಾಡಬೇಕಾಯಿತು. ಮಗು ಒಂದು ಕಿಲೋ ಒಂಬೈನೂರು ಗ್ರಾಂ. ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಇಂಥ ಕೂಸುಗಳಿಗೆ ಕಾಂಗರೂ ಆರೈಕೆ ಬಲು ಮುಖ್ಯ. ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ಉಳಿಸಿ, ಮಗುವನ್ನು ಬರಿ ಎದೆಯ ಮೇಲೆ ನೆಟ್ಟಗೆ ಒರಗಿಸಿ, ಉಸಿರು ಕಟ್ಟದಂತೆ ಮುಖವನ್ನು ಪಕ್ಕಕ್ಕೆ ತಿರುಗಿಸಿ, ಮೇಲೆ ಬಟ್ಟೆ ಕಟ್ಟಿಕೊಳ್ಳುವುದು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಇನ್‌ಕ್ಯುಬೇಟರ್‌ಗಳು ಸಾಲದಿದ್ದಾಗ ಹುಟ್ಟಿದ ಉಪಾಯ ಇದು. ಹುಟ್ಟಿದ ಮೇಲೆ ಆದಷ್ಟು ಬೇಗ ಶುರುಮಾಡಿ, ದಿನಕ್ಕೆ 8ರಿಂದ 24 ಗಂಟೆ ಮುಂದುವರಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಹೊಟ್ಟೆಯ ಹೊಲಿಗೆ ಒಣಗದ ಹುಡುಗಿ ಒಬ್ಬಳೇ ಅಷ್ಟು ಹೊತ್ತು ಹೇಗೆ ಹೊರಬೇಕು? ಅಪ್ಪನ ಎದೆಯಲ್ಲೂ ಬಿಸುಪಿದೆ. ಆಸ್ಪತ್ರೆಯವರಿಗೆ ಇದು ತಿಳಿಯದ್ದೇನಲ್ಲ. ಮಗುವನ್ನು ಎದೆಗೆ ಕಟ್ಟಿಕೊಂಡ ಗಂಡಸಿನ ಚಿತ್ರವನ್ನು ಅವರೇ ಗೋಡೆಗೆ ಅಂಟಿಸಿದ್ದರು. ಅದರ ಪಕ್ಕದ ಬಾಗಿಲಿಗೆ ‘ಗಂಡಸರಿಗೆ ಪ್ರವೇಶವಿಲ್ಲ’ ಎಂಬ ಫಲಕ. ನಮ್ಮ ಅಳಿಯಂದಿರು ಫ್ಲಾಸ್ಕ್ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು. ಮನೆಗೆ ಕಳುಹಿಸುವ ದಿನ ನರ್ಸ್ ಎಲ್ಲವನ್ನೂ ವಿವರಿಸಿದ್ದು ಮಗಳಿಗೆ ಮತ್ತು ನನಗೆ. ಅಪ್ಪನಾದವರು ಆಗ ಔಷಧಿ ಅಂಗಡಿಯ ಸಾಲಿನಲ್ಲಿದ್ದರು.

ಮನೆಗೆ ಬಂದ ಮೇಲೆ ನಡುಮನೆಯ ಬಾಗಿಲು ಹಾಕಿ, ಅಂಗಿ ಬನಿಯನ್ ತೆಗೆಯಿರಿ ಎಂದೆ. ನಾಚಿಕೊಂಡರು. ಮೊದಲ ದಿನ ಕಂಬದ ಹಾಗೆ ಸೆಟೆದು ಕೂತು, “ಅತ್ತೆ, ಉಸಿರಾಡುತ್ತಿದೆ ತಾನೇ?” ಎಂದು ಕೇಳಿದ್ದೇ ಕೇಳಿದ್ದು. ನಾಲ್ಕಾರು ದಿನ ಕಳೆಯುವಷ್ಟರಲ್ಲಿ ಮಗುವನ್ನು ಎದೆಗೆ ಕಟ್ಟಿಕೊಂಡೇ ಕ್ರಿಕೆಟ್ ನೋಡುತ್ತಿದ್ದರು. ನೋಡಲು ಬಂದ ನನ್ನ ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ಅಡುಗೆಮನೆಗೆ ಓಡಿದಳು. ಗಂಡಸು ಬಾಣಂತನಕ್ಕೆ ಕೂತಿದ್ದಾನೆಂದು ಬೀದಿಯಲ್ಲೆಲ್ಲ ನಗು. ನಗಲಿ. ರಾತ್ರಿ ಎರಡರ ಹೊತ್ತಿಗೆ, ಹಿಂಡಿಟ್ಟ ಎದೆಹಾಲನ್ನು ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಕುಡಿಸಿ, ಭುಜಕ್ಕೆ ಹಾಕಿಕೊಂಡು ತೇಗು ಬರಿಸುತ್ತಿದ್ದದ್ದು ಅವರೇ. ಮಗಳು ಅಷ್ಟು ಹೊತ್ತು ಎಚ್ಚರವಿಲ್ಲದೆ ಮಲಗುತ್ತಿದ್ದಳು.

ಬಾಣಂತಿಯ ನಿದ್ದೆ ಸಣ್ಣ ವಿಷಯವಲ್ಲ. ಮಗು ಮಲಗಿದರೂ ತಾಯಿ ಮಲಗುತ್ತಿಲ್ಲ, ಸುಮ್ಮಸುಮ್ಮನೆ ಅಳುತ್ತಾಳೆ, ಮಗುವನ್ನು ಕಂಡರೆ ಬೆದರುತ್ತಾಳೆ ಎಂಬುದನ್ನು ಪಕ್ಕದಲ್ಲಿ ಮಲಗಿದವರು ಮೊದಲು ಗಮನಿಸಬೇಕು. ದೃಷ್ಟಿ, ಗಾಳಿ ಎಂದು ತಾಯಿತ ಕಟ್ಟಿಸಿ, ಬಾಣಂತಿ ಸನ್ನಿ ಏರಿದ ಮೇಲೆ ಗಂಡನಿಗೆ ಫೋನ್ ಮಾಡಿದ ಮನೆಗಳನ್ನು ಕಂಡಿದ್ದೇನೆ. ತಾಯಿ, ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ಅಲ್ಲಿಗೆ ಕರೆದೊಯ್ಯುವ ನಿರ್ಧಾರ ಮಾಡಬೇಕಾದವನೇ ಮುನ್ನೂರು ಕಿಲೋಮೀಟರ್ ಆಚೆ ಇದ್ದರೆ?

ಅಳಿಯಂದಿರು ದುಡಿಯುವುದು ನೆಲಮಂಗಲದ ಖಾಸಗಿ ಗೋದಾಮಿನಲ್ಲಿ. ರಜೆ ಎಲ್ಲಿಂದ ಬರಬೇಕು? ಸಂಬಳ ಕಳೆದುಕೊಂಡು ಉಳಿದರು. ಕೇಂದ್ರ ಸರ್ಕಾರದ ನೌಕರರಿಗೂ 15 ದಿನ ಉಂಟು, ಮಗುವಿಗೆ ಆರು ತಿಂಗಳಾಗುವುದರೊಳಗೆ ಬಳಸಿಕೊಳ್ಳಬಹುದು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು ತಾಯಂದಿರ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರು. ಅಪ್ಪನ ಹೆಸರು ಅದರಲ್ಲಿ ಬರಲಿಲ್ಲ. ಅದೇ ವರ್ಷ ಮಹಾರಾಷ್ಟ್ರದ ಸಂಸದ ರಾಜೀವ್ ಸಾತವ್ ಪಿತೃತ್ವ ಸೌಲಭ್ಯಕ್ಕಾಗಿ ಖಾಸಗಿ ಮಸೂದೆ ತಂದರು. ಅದು ಕಾನೂನಾಗಲಿಲ್ಲ. ಸ್ವೀಡನ್‌ನ ಉದಾಹರಣೆ ಕೊಡಲು ಬೇಕಾದಷ್ಟು ಮಂದಿ ಇದ್ದಾರೆ. ನನಗೆ ತರೀಕೆರೆ, ನೆಲಮಂಗಲ ಸಾಕು.

ರಜೆಯ ಕಾನೂನು ದೆಹಲಿಯಲ್ಲಿ ಆಗಬೇಕು, ತಡವಾಗಬಹುದು. ಆಸ್ಪತ್ರೆಯ ಕೆಲಸಕ್ಕೆ ಯಾವ ಮಸೂದೆಯೂ ಬೇಡ. ಬಿಡುಗಡೆಗೆ ಮೊದಲು ಅಪ್ಪನನ್ನೂ ಕರೆದು, ಕಾಂಗರೂ ಆರೈಕೆ, ಒಳಲೆ ಹಿಡಿಯುವ ಬಗೆ, ಅಪಾಯದ ಚಿಹ್ನೆಗಳನ್ನು ಹೇಳಿಕೊಟ್ಟು, ಅವನಿಂದಲೇ ಮಾಡಿಸಿ ನೋಡಬೇಕು. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾಳೆ. ಅಪ್ಪ ಊರಲ್ಲಿಲ್ಲದಿದ್ದರೆ ಫೋನಿನಲ್ಲಾದರೂ ಅವನೊಂದಿಗೆ ಮಾತನಾಡಲಿ. ಹಾಲೂಡಿಸುವ ಹೆಣ್ಣುಮಕ್ಕಳಿಗೆ ಮರೆ ಬೇಕೆಂದೇ ಆ ಫಲಕ ಹಾಕಿರುವುದು ಎಂಬುದನ್ನು ಒಪ್ಪುತ್ತೇನೆ. ಹಾಗಿದ್ದರೆ ಒಂದು ಪರದೆ, ಒಂದು ಒರಗು ಕುರ್ಚಿ, ಅಪ್ಪಂದಿರಿಗೆಂದು ಗೊತ್ತುಪಡಿಸಿದ ಸಮಯ ಸಾಕಲ್ಲವೇ? ನಾವು ಕೆಲವು ನಿವೃತ್ತ ಸಿಬ್ಬಂದಿ ಸೇರಿ ಕುರ್ಚಿ ಕೊಡಿಸಲು ಸಿದ್ಧರಿದ್ದೇವೆ, ಪರದೆಯನ್ನು ನಾನೇ ಹೊಲಿದು ಕೊಡುತ್ತೇನೆ. ಫಲಕ ತೆಗೆಯುವ ಅಧಿಕಾರ ಮಾತ್ರ ನಮ್ಮ ಕೈಯಲ್ಲಿಲ್ಲ.

ಇತಿ,
ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ,
ತರೀಕೆರೆ