ದಿಂಬಿನ ಪಕ್ಕ ಒಂದು, ಜಗಲಿ ಮೇಲೊಂದು, ಚೀಲದಲ್ಲೊಂದು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಒಬ್ಬರು ಈಗಿನವರ ಓದಿನ ಬಗ್ಗೆ ಬೇಸರ ಮಾಡಿಕೊಂಡು ಬರೆದಿದ್ದರು. ಹಿಡಿದ ಪುಸ್ತಕ ಮುಗಿಸುವ ತಾಳ್ಮೆ ಯಾರಿಗೂ ಇಲ್ಲ, ಒಂದನ್ನು ಅರ್ಧಕ್ಕೆ ಮಡಚಿಟ್ಟು ಇನ್ನೊಂದಕ್ಕೆ ಕೈ ಹಾಕುತ್ತಾರೆ, ಇದೆಲ್ಲ ಮೊಬೈಲ್ ಕಲಿಸಿದ ಚಾಳಿ, ಎರಡು ದೋಣಿ ಮೇಲೆ ಕಾಲಿಟ್ಟವರು ದಡ ಸೇರುವುದಿಲ್ಲ ಅಂತ. ನಾನು ಅದನ್ನು ಗಟ್ಟಿಯಾಗಿ ಓದಿ ಹೇಳಿದೆ. ನನ್ನ ಹೆಂಡತಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ‘ಅಲ್ರೀ, ಇದು ನಿಮ್ಮ ಬಗ್ಗೆನೇ ಬರೆದಿರೋದು’ ಅಂದಳು.

ನನಗೆ ಈಗ 74. ನನ್ನ ಮೊಬೈಲ್ ಗುಂಡಿ ಒತ್ತುವ ಜಾತಿಯದು, ಮಾತಾಡುವುದು ಬಿಟ್ಟು ಬೇರೆ ಕೆಲಸಕ್ಕೆ ಬರುವುದಿಲ್ಲ. ಹಾಗಿದ್ದೂ ಈ ಹೊತ್ತಿಗೆ ನಾಲ್ಕು ಪುಸ್ತಕ ಓದುತ್ತಾ ಇದ್ದೇನೆ. ನಾಲ್ಕೂ ಅರ್ಧದಲ್ಲಿವೆ. ಆ ಮಹನೀಯರ ಲೆಕ್ಕದಲ್ಲಿ ನನ್ನ ಕಾಲು ನಾಲ್ಕು ದೋಣಿ ಮೇಲಿದೆ. ಆದರೆ ಈ ಚಾಳಿ ನನಗೆ ಹತ್ತಿದ್ದು ಎಲ್ಲಿಂದ ಅಂತ ಹೇಳಿಬಿಡುತ್ತೇನೆ. ಮೊಬೈಲ್ ಮೇಲೆ ಸುಮ್ನೆ ಅಪವಾದ ಬೇಡ, ಅದಕ್ಕೆ ಬೇರೆ ತಪ್ಪುಗಳಿವೆ.

1974ರಲ್ಲಿ ನಾನು ಆರ್‌ಎಂಎಸ್‌ಗೆ ಸೇರಿದೆ. ಅಂದರೆ ರೈಲಿನಲ್ಲಿ ಟಪಾಲು ವಿಂಗಡಿಸುವ ಕೆಲಸ. ಈಗಿನ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಗಾಡಿಯಲ್ಲಿ ಟಪಾಲಿಗೆ ಅಂತಲೇ ಒಂದು ಡಬ್ಬಿ ಇರುತ್ತಿತ್ತು. ಒಳಗೆ ಗೋಡೆ ತುಂಬ ಪಾರಿವಾಳದ ಗೂಡಿನ ಹಾಗೆ ಖಾನೆಗಳು. ಊರಿಗೊಂದು ಖಾನೆ. ಗಾಡಿ ಓಡುತ್ತಿರುವಾಗಲೇ ನಿಂತುಕೊಂಡು ಕಾಗದ ಹಾಕಬೇಕು. ಇದು ತಿಪಟೂರು, ಇದು ಕಡೂರು, ಇದು ಬೀರೂರು. ಸ್ಟೇಷನ್ ಬರುವುದರೊಳಗೆ ಆ ಊರಿನ ಚೀಲ ಕಟ್ಟಿ, ಅರಗು ಕರಗಿಸಿ ಸೀಲ್ ಒತ್ತಿ ಬಾಗಿಲ ಹತ್ತಿರ ಇಟ್ಟಿರಬೇಕು. ಪಿನ್ ಕೋಡ್ 1972ರಲ್ಲೇ ಬಂದಿತ್ತು. ಬರೆಯುವವರು ಯಾರು? ತಾಲ್ಲೂಕಿನ ಹೆಸರಿದ್ದರೆ ನಮ್ಮ ಪುಣ್ಯ. ಆಗ ಆ ಮಾರ್ಗವೆಲ್ಲ ಮೀಟರ್ ಗೇಜು. ಗಾಡಿ ಓಲಾಡುವುದಕ್ಕೂ ನಾವು ಕಾಗದ ಎಸೆಯುವುದಕ್ಕೂ ಒಂದು ಹೊಂದಾಣಿಕೆ ಬಂದುಬಿಟ್ಟಿತ್ತು.

ರಾತ್ರಿಯೆಲ್ಲ ಕೆಲಸ ಮಾಡಿ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಇಳಿದರೆ, ವಾಪಸ್ ಗಾಡಿವರೆಗೂ ರೆಸ್ಟ್ ಹೌಸ್. ಸ್ನಾನ, ಊಟ, ಒಂದು ನಿದ್ದೆ. ಆಮೇಲೂ ಹೊತ್ತು ಉಳಿಯುತ್ತಿತ್ತು. ಅಲ್ಲಿಗೆ ಅಂತ ಒಂದು ಪುಸ್ತಕ ಇಟ್ಟೆ, ಹಾಸಿಗೆ ಕೆಳಗೆ. ಮನೆಯಲ್ಲಿ ಓದುತ್ತಿದ್ದದ್ದನ್ನೇ ಹೊತ್ತುಕೊಂಡು ಹೋಗಬಹುದಿತ್ತು. ಆದರೆ ಅದನ್ನು ನನ್ನ ಹೆಂಡತಿಯೂ ಓದುತ್ತಿದ್ದಳು. ಒಂದೇ ಪುಸ್ತಕಕ್ಕೆ ಇಬ್ಬರದೂ ಬೇರೆ ಬೇರೆ ಗುರುತು. ನನ್ನದು ಬಸ್ ಟಿಕೆಟ್ಟು, ಅವಳದು ಊದುಬತ್ತಿ ಪೊಟ್ಟಣದ ಕಾಗದ. ಅವಳು ಯಾವಾಗಲೂ ನನಗಿಂತ ಮುಂದೆ ಇರುತ್ತಿದ್ದಳು. ಡ್ಯೂಟಿಯಿಂದ ಬಂದು ತೆಗೆದು ನೋಡಿದರೆ ಊದುಬತ್ತಿ ಕಾಗದ ನೂರು ಪುಟ ದಾಟಿರುತ್ತಿತ್ತು. ಮುಂದೆ ಏನಾಯಿತು ಅಂತ ಹೇಳಿಬಿಡುತ್ತಾಳೋ ಅನ್ನುವ ಹೆದರಿಕೆಯಲ್ಲೇ ನಾನು ಕಾಫಿ ಕುಡಿಯುತ್ತಿದ್ದೆ.

ಮೂರನೆಯ ಓದು ಗಾಡಿಯಲ್ಲಿ. ವಾರಪತ್ರಿಕೆಗಳು ಕಾಗದದ ಪಟ್ಟಿ ಸುತ್ತಿಕೊಂಡು ಬರುತ್ತಿದ್ದವು. ಕೆಲವಕ್ಕೆ ಪಟ್ಟಿ ಕಿತ್ತುಹೋಗಿರುತ್ತಿತ್ತು. ಅದನ್ನು ಅಂಟಿಸಿ ಮುಂದಕ್ಕೆ ಕಳಿಸುವುದು ನಮ್ಮ ಕೆಲಸ. ಅಂಟು ಒಣಗಬೇಕಲ್ಲ. ಅದು ಒಣಗುವಷ್ಟು ಹೊತ್ತು ಧಾರಾವಾಹಿಯ ಒಂದು ಕಂತು ಓದಿದರೆ ಸರ್ಕಾರಕ್ಕೆ ಏನೂ ನಷ್ಟವಿಲ್ಲ ಅಂತ ಆಗಲೂ ಅಂದುಕೊಂಡಿದ್ದೆ, ಈಗಲೂ ಅಂದುಕೊಂಡಿದ್ದೇನೆ.

ಹೀಗೆ ಜಾಗಕ್ಕೊಂದು ಪುಸ್ತಕ ಆಯಿತು. ತಲೆಯೊಳಗೂ ಖಾನೆಗಳಿವೆ ಅಂತ ಬೇಕಾದರೆ ಹೇಳಬಹುದು. ಆದರೆ ಆ ಹೋಲಿಕೆಯನ್ನು ತುಂಬ ಎಳೆಯಲಾರೆ. ಕಡೂರಿನ ಕಾಗದ ಖಾನೆಗೆ ಬಿದ್ದ ಮೇಲೆ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಕಾದಂಬರಿ ಹಾಗಲ್ಲ, ಬಚ್ಚಲಲ್ಲೂ ಹಿಂದೆ ಬರುತ್ತದೆ.

ಇನ್ನು ನಮ್ಮಮ್ಮನ ವಿಷಯ. ನಿಜಕ್ಕೂ ಈ ಪತ್ರ ಬರೆಯಲು ಕೂತದ್ದೇ ಅವರಿಗಾಗಿ.

‘ಸುಧಾ’ ಶುರುವಾದದ್ದು 1965ರಲ್ಲಿ. ನನಗಾಗ ಹದಿನಾಲ್ಕು. ‘ಕರ್ಮವೀರ’ ಅದಕ್ಕೂ ಎಷ್ಟೋ ಮೊದಲಿನದು, 1921ರದು. ನಮ್ಮ ಬೀದಿಯಲ್ಲಿ ಐದು ಮನೆಯವರು ಒಂದು ಒಪ್ಪಂದ ಮಾಡಿಕೊಂಡಿದ್ದರು. ಒಂದೊಂದು ಮನೆಯವರು ಒಂದೊಂದು ಪತ್ರಿಕೆ ತರಿಸುವುದು, ಎರಡು ದಿನ ಇಟ್ಟುಕೊಂಡು ಪಕ್ಕದ ಮನೆಗೆ ಕೊಡುವುದು. ಪತ್ರಿಕೆಗೆ ಎರಡು ಧಾರಾವಾಹಿ ಅಂದರೂ ಲೆಕ್ಕ ಹಾಕಿ. ನಮ್ಮಮ್ಮ ವರ್ಷವಿಡೀ ಹತ್ತು ಕಾದಂಬರಿಗಳನ್ನು ಒಟ್ಟಿಗೆ ಓದುತ್ತಿದ್ದರು, ವಾರಕ್ಕೆ ಮೂರು ನಾಲ್ಕು ಪುಟದಂತೆ. ಒಂದರಲ್ಲಿ ಸೊಸೆ ಬಾವಿಕಟ್ಟೆ ಹತ್ತಿರ ಅಳುತ್ತಿದ್ದರೆ ಇನ್ನೊಂದರಲ್ಲಿ ಡಾಕ್ಟರು ಮೈಸೂರಿನಿಂದ ಹೊರಟಿರುತ್ತಿದ್ದರು. ಯಾರು ಎಲ್ಲಿದ್ದಾರೆ ಅನ್ನುವುದು ಅವರಿಗೆ ಒಂದು ದಿನವೂ ತಪ್ಪಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು.

ಕಂತು ಮುಗಿದ ಮೇಲೆ ಪತ್ರಿಕೆ ಕೊನೆಗೆ ಯಾರ ಮನೆಗೆ ಬಂದಿರುತ್ತದೋ ಅಲ್ಲಿಂದ ಕೇಳಿ ತಂದು, ಆ ಪುಟಗಳನ್ನು ಬ್ಲೇಡಿನಲ್ಲಿ ಕೊಯ್ದು ಇಡುತ್ತಿದ್ದರು. ಕಾದಂಬರಿ ಪೂರ್ತಿಯಾದಾಗ ಜೋಡಿಸಿ, ದಬ್ಬಳದಲ್ಲಿ ತೂತು ಮಾಡಿ ದಾರ ಹಾಕಿ ಹೊಲಿಯುವುದು. ಹಳೆ ಕ್ಯಾಲೆಂಡರಿನ ದಪ್ಪ ಕಾಗದದ ರಟ್ಟು. ಒಂದು ಈಗಲೂ ನನ್ನ ಹತ್ತಿರ ಇದೆ. ರಟ್ಟಿನ ಮೇಲೆ ಲಕ್ಷ್ಮಿಯ ಕಾಲು ಮತ್ತು ತಾವರೆಯ ಅರ್ಧ. ಒಳಗೆ ಪುಟಗಳೆಲ್ಲ ಅಕ್ಕಿ ಕಡುಬಿನ ಬಣ್ಣ ಬಿಟ್ಟು ಚಹಾದ ಬಣ್ಣಕ್ಕೆ ಬಂದಿವೆ. ಕಥೆಯ ಬೆನ್ನಿಗೆ ಅಡುಗೆ ಅಂಕಣ ಇದ್ದರೆ ಅದೂ ಹಾಗೇ ಉಳಿದಿದೆ. ನಾಯಕಿಯ ಮದುವೆ ನಿಂತುಹೋದ ಪುಟ ತಿರುಗಿಸಿದರೆ ‘ಬೆಲ್ಲ ಕರಗಿದ ಮೇಲೆ ಏಲಕ್ಕಿ ಪುಡಿ’ ಅಂತ ಇದೆ.

ಮಧ್ಯದಲ್ಲಿ ಒಂದು ಕಂತು ಇಲ್ಲ. ಆ ವಾರದ ಪತ್ರಿಕೆಯನ್ನು ಯಾರೋ ಗೋಡೆಯ ಗೂಡಿಗೆ ಹಾಸಿಬಿಟ್ಟಿದ್ದರಂತೆ. ಅಮ್ಮ ಆ ಜಾಗಕ್ಕೆ ನನ್ನ ಲೆಕ್ಕದ ಪುಸ್ತಕದಿಂದ ಒಂದು ಹಾಳೆ ಹರಿದು ಸೇರಿಸಿದ್ದಾರೆ. ಅದರ ಮೇಲೆ ಪೆನ್ಸಿಲ್‌ನಲ್ಲಿ, ದಪ್ಪ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ: ‘ಇಲ್ಲಿ ಒಂದು ವಾರ ಇಲ್ಲ. ಅವಳು ತವರಿಗೆ ಹೋಗಿರಬೇಕು. ಅಣ್ಣ ಸೇರಿಸಿರಲಿಕ್ಕಿಲ್ಲ. ಮುಂದಿನ ವಾರ ವಾಪಸ್ ಬಂದಿದ್ದಾಳೆ.’ ಅಷ್ಟೇ. ನಾನು ಎಷ್ಟೋ ವಿಮರ್ಶೆ ಓದಿದ್ದೇನೆ. ನನಗೆ ಈ ನಾಲ್ಕು ಸಾಲೇ ಇಷ್ಟ.

ಆದ್ದರಿಂದ ಆ ಪತ್ರ ಬರೆದವರಲ್ಲಿ ನನ್ನದೊಂದು ವಿನಂತಿ. ನಿಮ್ಮ ತಾಯಿಯವರೂ ಅಜ್ಜಿಯವರೂ ಧಾರಾವಾಹಿ ಓದುತ್ತಿದ್ದರಾ ಅಂತ ಒಂದು ಸಲ ನೆನಪು ಮಾಡಿಕೊಳ್ಳಿ. ಓದುತ್ತಿದ್ದರೆ ಆ ಮನೆಯಲ್ಲೂ ದೋಣಿಗಳು ಜಾಸ್ತಿಯೇ ಇದ್ದವು.

ಹಾಗಂತ ಈ ರೂಢಿಯಲ್ಲಿ ಎಡವಟ್ಟೇ ಇಲ್ಲ ಅಂತಲ್ಲ. ಎರಡು ಮಳೆಗಾಲದ ಹಿಂದೆ ನನಗೊಂದು ಹುಚ್ಚು ಬಂತು. ಕಾರಂತರ ‘ಮರಳಿ ಮಣ್ಣಿಗೆ’, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಎರಡನ್ನೂ ಒಟ್ಟಿಗೆ ಹಿಡಿದೆ. ಒಂದು 1941ರದು, ಇನ್ನೊಂದು 1967ರದು. ಒಂದರಲ್ಲಿ ಕಡಲು, ಒಂದರಲ್ಲಿ ಕಾಡು. ಎರಡರಲ್ಲೂ ಮಳೆ. ಹೆಂಡತಿಗೆ ಕಣ್ಣಿನ ಆಪರೇಷನ್ ಆಗಿದೆ, ಸಣ್ಣ ಅಕ್ಷರ ಓದಲಾರಳು. ಹಾಗಾಗಿ ರಾತ್ರಿ ಊಟವಾದ ಮೇಲೆ ಅವತ್ತು ಓದಿದ್ದನ್ನು ನಾನು ಹೇಳುವುದು, ಅವಳು ಕೇಳುವುದು. ಒಂದು ದಿನ ಹೇಳುತ್ತಾ ಹೇಳುತ್ತಾ ‘ಆಗ ಐತಾಳರು ಪೀಂಚಲು ಜೊತೆ’ ಅಂದೆ. ಅವಳು ತಡೆದಳು. ‘ಅಲ್ರೀ, ಐತಾಳರಿಗೆ ಪಾರೋತಿ, ಸತ್ಯಭಾಮೆ ಇಬ್ಬರು ಸಾಲದು ಅಂತ ಈಗ ಇವಳನ್ನೂ ಕಟ್ಟಿದ್ರಾ?’ ಪೀಂಚಲು ಗಂಡ ಐತ. ಅವನು ಕುವೆಂಪು ಅವರ ಮಲೆನಾಡಿನವನು. ಐತಾಳರು ಕಾರಂತರ ಕೋಡಿಯವರು. ಅವತ್ತಿನಿಂದ ನನ್ನ ಕಟ್ಟಳೆ, ಎರಡು ದೊಡ್ಡ ಕಾದಂಬರಿ ಒಟ್ಟಿಗೆ ಇಲ್ಲ. ಒಂದು ಕಾದಂಬರಿ, ಜೊತೆಗೆ ಬೇರೆ ಬೇರೆ ಜಾತಿಯ ಪುಸ್ತಕಗಳು.

ಈಗ ನಡೆಯುತ್ತಿರುವುದು ಹೀಗೆ. ಬೆಳಿಗ್ಗೆ ಜಗಲಿ ಮೇಲೆ ಡಿವಿಜಿ ಅವರ ಕಗ್ಗ, ದಿನಕ್ಕೆ ಒಂದೇ ಪದ್ಯ. ಡಿಕಾಕ್ಷನ್ ಇಳಿಯುವಷ್ಟು ಹೊತ್ತು ಸಾಕು. ಒಟ್ಟು 945 ಪದ್ಯ, ಅಂದರೆ ಒಂದು ಸುತ್ತಿಗೆ ಎರಡು ವರ್ಷ ಏಳು ತಿಂಗಳು. ನಾನೀಗ ಮೂರನೇ ಸುತ್ತಿನಲ್ಲಿದ್ದೇನೆ. ಇದನ್ನು ಒಂದೇ ಉಸಿರಿಗೆ ಮುಗಿಸಿ ಆಮೇಲೆ ಇನ್ನೊಂದು ಪುಸ್ತಕ ಮುಟ್ಟಿ ಅಂದರೆ ಹೇಗೆ? ಶನಿವಾರ ಸಂಜೆ ಪಕ್ಕದ ಬೀದಿಯ ಮೇಷ್ಟ್ರ ಜೊತೆ ಕುಮಾರವ್ಯಾಸ ಭಾರತ. ಅವರು ಗಮಕದ ಧಾಟಿಯಲ್ಲಿ ಹೇಳುತ್ತಾರೆ, ನಾನು ಅರ್ಥ ಬಿಡಿಸಲು ಹೋಗಿ ಸಿಕ್ಕಿಹಾಕಿಕೊಳ್ಳುತ್ತೇನೆ. ಹತ್ತು ಪರ್ವದಲ್ಲಿ ಎರಡನೆಯದಕ್ಕೆ ಬರಲು ಎರಡು ವರ್ಷ ಹಿಡಿಯಿತು. ನಮಗೆ ಅವಸರವಿಲ್ಲ, ಭಾರತಕ್ಕೂ ಇಲ್ಲ. ಬಸ್ಸಿಗೆ ತೇಜಸ್ವಿಯವರ ‘ಪರಿಸರದ ಕತೆ’. ಅದರಲ್ಲಿ ಒಂದೊಂದೂ ಬಿಡಿ ಬಿಡಿ, ಸ್ಟಾಪ್ ಬಂದಾಗ ಇಳಿಯಬಹುದು. ದಿಂಬಿನ ಪಕ್ಕ ಮತ್ತೆ ‘ಮಲೆಗಳಲ್ಲಿ ಮದುಮಗಳು’, ಈ ಸಲ ಒಬ್ಬಳೇ. ನನ್ನ ಸ್ವಂತ ಪ್ರತಿಯನ್ನು ನೆಂಟರ ಹುಡುಗಿ ಕೇಳಿ ತಗೊಂಡು ಹೋದಳು. ವಾಪಸ್ ಕೇಳಲು ಸಂಕೋಚ, ಹಾಗಾಗಿ ಇದು ಗ್ರಂಥಾಲಯದ್ದು.

ಬೆಂಗಳೂರಿನಲ್ಲಿರುವ ಮಗಳ ಓದನ್ನು ನೋಡಿದಾಗ ಮಾತ್ರ ಆ ಪತ್ರದವರ ಮಾತು ಸ್ವಲ್ಪ ನಿಜ ಅನ್ನಿಸುತ್ತದೆ. ಅವಳ ಕಿಂಡಲ್‌ನಲ್ಲಿ ಮೂವತ್ತು ಪುಸ್ತಕ ಇವೆ. ಎಲ್ಲದರ ಕೆಳಗೂ ಶೇಕಡಾ 7, ಶೇಕಡಾ 12 ಅಂತ ತೋರಿಸುತ್ತದೆ. ‘ಇದರಲ್ಲಿ ಎಲ್ಲಿಗೆ ನಿಂತಿದೆಯಮ್ಮ ಕಥೆ?’ ಅಂತ ಒಂದನ್ನು ತೋರಿಸಿ ಕೇಳಿದರೆ ‘ಗೊತ್ತಿಲ್ಲ ಅಪ್ಪಾ, ತೆಗೆದರೆ ಅದೇ ಹೇಳತ್ತೆ’ ಅಂದಳು. ಪುಟ ಅದಕ್ಕೆ ಗೊತ್ತು, ಇವಳಿಗೆ ಗೊತ್ತಿಲ್ಲ. ನಾನು ಪುಸ್ತಕ ಮುಚ್ಚುವ ಮೊದಲು ಗುರುತಿನ ಚೀಟಿ ಮೇಲೆ ಒಂದು ಸಾಲು ಬರೆದಿಡುತ್ತೇನೆ. ಅಮ್ಮನ ಪೆನ್ಸಿಲ್ ಹಾಳೆ ನೋಡಿ ಕಲಿತದ್ದು. ‘ಮದುಮಗಳು’ ಒಳಗಿನ ಚೀಟಿಯಲ್ಲಿ ‘ಗುತ್ತಿ ಹೊರಟ, ಹಿಂದೆ ಹುಲಿಯ’ ಅಂತ ಇದೆ. ವಾರ ಬಿಟ್ಟು ತೆಗೆದರೂ ಆ ನಾಯಿಯ ಹಿಂದೆಯೇ ಒಳಗೆ ಹೋಗಬಹುದು. ಮೊದಲೆಲ್ಲ ಬಸ್ ಟಿಕೆಟ್ಟಿನ ಹಿಂದೆ ಬರೆಯುತ್ತಿದ್ದೆ. ಈಗಿನ ಮೆಷಿನ್ ಟಿಕೆಟ್ ನುಣುಪು, ಪೆನ್ಸಿಲ್ ಹತ್ತುವುದಿಲ್ಲ, ಅದರ ಮೇಲಿನ ಅಚ್ಚೂ ಕೆಲವೇ ತಿಂಗಳಲ್ಲಿ ಮಾಯ. ಮದುವೆ ಕಾಗದದ ಅಂಚು ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಮುಗಿಯದೇ ಉಳಿದವೂ ಇವೆ. ಒಂದು ಹಳೆ ಡೈರಿಯಲ್ಲಿ ಪಟ್ಟಿ ಇದೆ, ಹನ್ನೊಂದು. ಅದರಲ್ಲಿ ಐದಕ್ಕೆ ತಪ್ಪು ನನ್ನದಲ್ಲ, ಪುಸ್ತಕದ್ದು. ಹೆಸರು ಹೇಳುವುದಿಲ್ಲ, ಬರೆದವರು ಬದುಕಿದ್ದಾರೆ.

ಕೊನೆಗೆ ನನ್ನ ನಿಜವಾದ ದೂರು. ನಾನು ಸದಸ್ಯನಾಗಿರುವ ಗ್ರಂಥಾಲಯದಲ್ಲಿ ಕಾರ್ಡಿಗೆ ಎರಡೇ ಪುಸ್ತಕ, ಹದಿನೈದೇ ದಿನ. ಅವಧಿ ಮುಂದುವರಿಸಲು ಪುಸ್ತಕವನ್ನು ಹೊತ್ತುಕೊಂಡು ಹೋಗಿ ತೋರಿಸಬೇಕು. ಏಳುನೂರು ಪುಟದ ಆಸುಪಾಸಿನ ಕಾದಂಬರಿಯನ್ನು ಮಂಡಿ ನೋವಿನವನು ತಿಂಗಳಿಗೆ ಎರಡು ಸಲ ಮೆರವಣಿಗೆ ಮಾಡಿಸಬೇಕು. ಮೂರನೆಯದು ಕೇಳಿದರೆ ಅಲ್ಲಿರುವವರು, ಒಳ್ಳೆಯವರೇ ಪಾಪ, ‘ಮೊದಲು ಇದನ್ನ ಮುಗಿಸಿ ಯಜಮಾನ್ರೇ, ಆಮೇಲೆ ಇನ್ನೊಂದು’ ಅನ್ನುತ್ತಾರೆ. ಮಗುವಿಗೆ ಅನ್ನ ಮುಗಿಸಿದ ಮೇಲೆ ಹಪ್ಪಳ ಅಂದ ಹಾಗೆ.

ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಕ್ಕೆ ಕಾನೂನು ಬಂದದ್ದೂ 1965ರಲ್ಲೇ. ಆಸ್ತಿ ತೆರಿಗೆ ಕಟ್ಟುವಾಗ ಅದರ ಜೊತೆ ಗ್ರಂಥಾಲಯ ಕರ ಅಂತ ನೂರಕ್ಕೆ ಆರು ರೂಪಾಯಿ ನಾವೆಲ್ಲ ಕೊಡುತ್ತೇವೆ. ಪುಸ್ತಕ ಮುಟ್ಟದವರೂ ಕೊಡುತ್ತಾರೆ. ಅವರ ಪಾಲಿನ ಪುಸ್ತಕವನ್ನು ನನಗೆ ಕೊಟ್ಟರೆ ಯಾರ ಗಂಟು ಹೋಗುತ್ತದೆ? ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯಗಳಿಗೆ ಐದು ಸೂತ್ರ ಹೇಳಿದ್ದು 1931ರಲ್ಲಿ. ಕೊನೆಯ ವರ್ಷಗಳನ್ನು ಅವರು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. ಪುಸ್ತಕ ಇರುವುದು ಬಳಸುವುದಕ್ಕೆ ಅನ್ನುವುದು ಅವರ ಮೊದಲ ಸೂತ್ರ. ಬೀರುವಿನಲ್ಲಿ ಧೂಳು ತಿನ್ನುತ್ತಾ ಕೂರುವುದಕ್ಕಿಂತ ನನ್ನ ದಿಂಬಿನ ಪಕ್ಕ ಅರ್ಧ ಓದಿಸಿಕೊಂಡು ಕೂರುವುದು ಬಳಕೆಗೆ ಹತ್ತಿರ, ಅಲ್ವಾ? ಕಾರ್ಡಿಗೆ ನಾಲ್ಕು ಪುಸ್ತಕ, ಒಂದು ತಿಂಗಳು, ಬೇರೆ ಯಾರೂ ಕೇಳದಿದ್ದರೆ ಫೋನಿನಲ್ಲೇ ಮುಂದುವರಿಕೆ. ಸಂಬಂಧಪಟ್ಟವರು ಇಷ್ಟು ಮಾಡಿಕೊಡಬೇಕು.

ಈ ಗುರುವಾರ ನನ್ನ ಗಡುವು ಮುಗಿಯುತ್ತದೆ. ‘ಮದುಮಗಳು’ ಅರ್ಧವೂ ಆಗಿಲ್ಲ. ಮಳೆ ಬಂದು ಹೋಗಲಾಗದೆ ಪುಸ್ತಕವನ್ನು ಯಾರ ಕೈಯಲ್ಲಾದರೂ ಕಳಿಸಿದರೆ ಅದು ಇನ್ನೊಬ್ಬರ ಪಾಲಾಗಬಹುದು. ತೆಗೆದುಕೊಂಡವರು ಸಂತೋಷವಾಗಿ ಓದಲಿ. ಒಳಗಿರುವ ಮದುವೆ ಕಾಗದದ ಚೀಟಿಯನ್ನು ಮಾತ್ರ ಇದ್ದ ಪುಟದಲ್ಲೇ ಇರಲು ಬಿಡಬೇಕಾಗಿ ಕೋರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಆರ್‌ಎಂಎಸ್ ನೌಕರ
ಹಾಸನ ಜಿಲ್ಲೆ