ಪ್ರಾಕ್ಟೀಸ್ ಇಲ್ಲ ಅಂದಾಗ ಆದ ಖುಷಿ

ದಾವಣಗೆರೆ
ಭಾನುವಾರ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂದು ವಾರವಾಯಿತು. ಉತ್ತರ ತಡವಾಗಿದ್ದಕ್ಕೆ ಕಾರಣ ಅದರ ಕೊನೇ ಪುಟದಲ್ಲಿರುವ ಒಂದು ಮಾತು. ಮೊಣಕಾಲು ನೋವು, ಇಂಟರ್ನಲ್ಸ್, ಪ್ಲೇಸ್‌ಮೆಂಟ್, ಫುಟ್‌ಬಾಲ್ ತಂಡದಲ್ಲಿ ಆಡಲು ಸಿಗದೆ ಬೆಂಚಿನ ಮೇಲೆ ಕೂತು ಕೂತು ಬೇಜಾರಾದದ್ದು, ಎಲ್ಲ ಬರೆದಿದ್ದೀಯ. ಆಮೇಲೆ ಯಾರಿಗೂ ಕಾಣಬಾರದು ಅನ್ನುವ ಹಾಗೆ ಸಣ್ಣ ಅಕ್ಷರದಲ್ಲಿ ಇದನ್ನು ಸೇರಿಸಿದ್ದೀಯ: "ಮಳೆ ಅಂತ ಇವತ್ತು ಪ್ರಾಕ್ಟೀಸ್ ಕ್ಯಾನ್ಸಲ್ ಆಯಿತು ದೊಡ್ಡಪ್ಪ. ಮೆಸೇಜ್ ನೋಡಿ ಖುಷಿಯಾಯಿತು. ಖುಷಿಯಾಯಿತಲ್ಲ ಅಂತ ಆಮೇಲೆ ತುಂಬಾ ಭಯವಾಯಿತು."

ಮನೆ ಸುದ್ದಿಯನ್ನು ನಿಮ್ಮಮ್ಮ ದಿನಾ ಫೋನಿನಲ್ಲಿ ಹೇಳುತ್ತಾಳೆ. ನೀನು ಚಿಕ್ಕವಳಿದ್ದಾಗ ಹೈಸ್ಕೂಲ್ ಮೈದಾನದಲ್ಲಿ ಹುಡುಗರ ಮಧ್ಯೆ ಹೇಗೆ ಆಡುತ್ತಿದ್ದೆ ಅನ್ನೋದೂ ಎಲ್ಲರಿಗೂ ಗೊತ್ತಿರುವುದೇ. ಅದೆಲ್ಲ ಬಿಡೋಣ. ನನಗೆ ಈ ಭಯದ ಬಗ್ಗೆ ಬರೆಯಬೇಕು.

ಆ ಖುಷಿ ನನಗೆ ಗೊತ್ತು ಪುಟ್ಟಿ. ಅದಕ್ಕೇ ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ.

ನಾನು ಫುಟ್‌ಬಾಲ್ ಬಿಟ್ಟಿದ್ದು ಮನೆಗೋಸ್ಕರ ಅಂತ ನಿಮ್ಮಪ್ಪ ಹೇಳಿರುತ್ತಾನೆ. ಸುಳ್ಳಲ್ಲ. ನನ್ನ ಅಪ್ಪ, ಅಂದರೆ ನಿನ್ನ ತಾತ, ದುಡಿಯುತ್ತಿದ್ದ ಮಿಲ್ಲಿಗೆ ಬೀಗ ಬಿದ್ದಿತ್ತು. ನಿಮ್ಮಪ್ಪ ಇನ್ನೂ ಶಾಲೆಗೆ ಹೋಗುತ್ತಿದ್ದ. ಅದೇ ಹೊತ್ತಿಗೆ ಬೆಂಗಳೂರಿನ ಒಂದು ಕಾರ್ಖಾನೆಯ ತಂಡದವರು ಸೆಲೆಕ್ಷನ್‌ಗೆ ಬಾ ಅಂತ ಕಾಗದ ಬರೆದಿದ್ದರು. ಎಚ್‌ಎಎಲ್, ಐಟಿಐ, ಬಿಇಎಲ್ ಅಂಥ ಸರ್ಕಾರಿ ಕಾರ್ಖಾನೆಗಳಲ್ಲಿ ಚೆನ್ನಾಗಿ ಆಡುವವರಿಗೆ ಕೆಲಸ ಸಿಗುತ್ತಿದ್ದ ಕಾಲ ಅದು. ಆದರೆ ಕೆಲಸ ಕಾಯಂ ಆಗುವವರೆಗೆ ಕಾಯಬೇಕಿತ್ತು, ಮನೆಗೆ ದುಡ್ಡು ಈಗಲೇ ಬೇಕಿತ್ತು. ನಾನು ಮಾರ್ಕೆಟ್ ಯಾರ್ಡಿನ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದೆ. ದೊಡ್ಡ ಮಗ, ಮನೆ ಹಿಡಿದ, ಅಂತ ಓಣಿಯವರೆಲ್ಲ ಹೊಗಳಿದರು.

ನಿಮ್ಮಪ್ಪನಿಗೆ ಗೊತ್ತಿಲ್ಲದ್ದು ಇಷ್ಟು. ಹೋಗುವುದಿಲ್ಲ ಅಂತ ತೀರ್ಮಾನ ಮಾಡಿದ ಮರುದಿನ ಬೆಳಿಗ್ಗೆ ನಾನು ಬಿಸಿಲು ಮುಖಕ್ಕೆ ಬೀಳುವವರೆಗೆ ಮಲಗಿದ್ದೆ. ಎದ್ದಾಗ ಎದೆ ಹಗುರವಾಗಿತ್ತು. ಇನ್ನು ಯಾರೂ ನನ್ನನ್ನು ಆರಿಸಬೇಕಾಗಿಲ್ಲ, ಯಾರೂ ಬಿಡಬೇಕಾಗಿಲ್ಲ ಅನಿಸಿತು. ಅದರ ಹಿಂದಿನ ವರ್ಷ ವಿಶ್ವವಿದ್ಯಾಲಯದ ತಂಡದಲ್ಲಿ ನನ್ನನ್ನು ಊರೂರಿಗೆ ಕರೆದುಕೊಂಡು ಹೋಗಿ ಒಂದು ಮ್ಯಾಚೂ ಆಡಿಸಿರಲಿಲ್ಲ. ಯಾಕೆ ಅಂತ ಯಾರೂ ಹೇಳಲಿಲ್ಲ. ಕೇಳಲು ನನಗೆ ಧೈರ್ಯ ಇರಲಿಲ್ಲ. ಅಲ್ಲಿಂದ ಬಂದ ಮೇಲೆ ಮಳೆ ಬಂದರೆ ನನಗೂ ಖುಷಿಯಾಗುತ್ತಿತ್ತು.

ಹಾಗಾದರೆ ನಾನು ಬಿಟ್ಟಿದ್ದು ಮನೆಗೋಸ್ಕರವೋ, ಸಾಕಾಗಿತ್ತು ಅಂತಲೋ? ಇವತ್ತಿಗೂ ಬಿಡಿಸಿ ಹೇಳಲು ಬರುವುದಿಲ್ಲ. ಎರಡೂ ಇತ್ತು. ಬಿಟ್ಟೆ ಅನ್ನೋ ಕೊರಗಿಗಿಂತ, ಯಾಕೆ ಬಿಟ್ಟೆ ಅಂತ ಸರಿಯಾಗಿ ಗೊತ್ತಾಗದೇ ಹೋದದ್ದು ನನ್ನನ್ನು ಜಾಸ್ತಿ ಕಾಡಿದೆ. ಅದು ನಿನಗೆ ಆಗಬಾರದು ಅಂತ ಇಷ್ಟುದ್ದ ಬರೆಯುತ್ತಿದ್ದೇನೆ.

ಕೊಡ ಖಾಲಿ ಬಂತು ಅಂದರೆ ಬಾವಿ ಬತ್ತಿದೆ ಅಂತಲೇ ಅರ್ಥವಲ್ಲ. ಕೊಡ ತೂತಾಗಿದ್ದರೂ ಖಾಲಿ ಬರುತ್ತದೆ. ನಿನ್ನ ಖುಷಿಯಲ್ಲಿ ಯಾವುದು ಎಷ್ಟು ಅಂತ ನೀನೇ ನೋಡಿಕೊಳ್ಳಬೇಕು. ನಿನಗೆ ಸಾಕಾಗಿರುವುದು ಚೆಂಡೋ, ಚೆಂಡಿನ ಸುತ್ತ ಇರುವ ಉಳಿದದ್ದೋ?

ಉಳಿದದ್ದು ಸಣ್ಣದೇನಲ್ಲ. ನಿನ್ನ ಜೊತೆ ಆಡುತ್ತಿದ್ದ ಹುಡುಗಿಯರಲ್ಲಿ ಈಗ ಎಷ್ಟು ಕಡಿಮೆ ಜನ ಆಡುತ್ತಿದ್ದಾರೆ ಅಂತ ಬರೆದಿದ್ದೆಯಲ್ಲ, ಆ ಸಾಲಿನಲ್ಲೇ ಎಲ್ಲ ಇದೆ. ಹದಿನೇಳು ವಯಸ್ಸಿನವರೆಗೆ ಶಾಲೆಗಳ ಸುಬ್ರತೋ ಕಪ್, ಜೂನಿಯರ್ ನ್ಯಾಷನಲ್ಸ್ ಅಂತ ಮುಂದೆ ಏನಾದರೊಂದು ಇದ್ದೇ ಇರುತ್ತದೆ. ಕಾಲೇಜಿಗೆ ಬಂದ ಮೇಲೆ ವರ್ಷಕ್ಕೊಂದು ಇಂಟರ್ ಕಾಲೇಜು. ಗೆದ್ದು ವಿಶ್ವವಿದ್ಯಾಲಯದ ತಂಡಕ್ಕೆ ಸೇರಿದರೆ ದಕ್ಷಿಣದ ವಿಶ್ವವಿದ್ಯಾಲಯಗಳ ಸೌತ್ ಜೋನ್ ಟೂರ್ನಮೆಂಟ್. ಅದು ಮುಗಿದರೆ ಮತ್ತೆ ವರ್ಷವಿಡೀ ಪ್ರಾಕ್ಟೀಸೇ. ಮ್ಯಾಚ್ ಇಲ್ಲದೆ ಪ್ರಾಕ್ಟೀಸ್ ಮಾಡಿಸಿದರೆ ಯಾರಿಗೆ ತಾನೇ ಬೇಸರ ಬರುವುದಿಲ್ಲ? ದೇಶದ ಅತಿ ದೊಡ್ಡ ಮಹಿಳಾ ಲೀಗಿನಲ್ಲೇ 2024-25ರಲ್ಲಿ ಎಂಟು ತಂಡ, ಒಂದೊಂದು ತಂಡಕ್ಕೆ 14 ಮ್ಯಾಚ್. ಅಷ್ಟೇ. ಮಿಕ್ಕ ತಿಂಗಳು ಆ ಹುಡುಗಿಯರು ಏನು ಮಾಡಬೇಕು?

ದುಡ್ಡಿನ ಮಾತೂ ಆಡಲೇಬೇಕು. ಆ ಲೀಗಿನ ಕ್ಲಬ್‌ಗಳು ಕನಿಷ್ಠ ಹತ್ತು ಜನ ಭಾರತದ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷಕ್ಕೆ ಕಡಿಮೆ ಇಲ್ಲದ ಒಪ್ಪಂದ ಕೊಡಬೇಕು ಅಂತ ಫುಟ್‌ಬಾಲ್ ಫೆಡರೇಷನ್ 2023ರಲ್ಲಿ ಹೇಳಿತು. ಏನೂ ಇಲ್ಲದ ಕಡೆ ಅದು ದೊಡ್ಡ ಹೆಜ್ಜೆಯೇ, ನಾನು ಕಡೆಗಣಿಸುವುದಿಲ್ಲ. ಆದರೆ ನಿಮ್ಮ ಕ್ಯಾಂಪಸ್ಸಿಗೆ ಬರುವ ಐಟಿ ಕಂಪನಿಯೂ ಹೊಸಬರಿಗೆ ಹೆಚ್ಚುಕಡಿಮೆ ಅಷ್ಟೇ ಕೊಡುತ್ತದೆ. ದೇಶಕ್ಕೇ ಆಯ್ದ ಕೆಲವರಲ್ಲಿ ಒಬ್ಬಳಾದರೆ ಒಂದು ಕಡೆ, ಸುಮ್ನೆ ಪಾಸಾದರೆ ಇನ್ನೊಂದು ಕಡೆ, ಸಂಬಳ ಅಲ್ಲಿಗಲ್ಲಿಗೆ. ಅದೂ ಕಂಪನಿ ಕೆಲಸ ಮೂವತ್ತೈದಕ್ಕೆ ಮುಗಿದುಹೋಗುವುದಿಲ್ಲ. ಗಂಡು ಹುಡುಗರ ಕಡೆಯೂ ಭದ್ರ ಇಲ್ಲ. 2025ರ ಜುಲೈನಲ್ಲಿ ಗಂಡಸರ ದೊಡ್ಡ ಲೀಗ್ ಆದ ಐಎಸ್‌ಎಲ್‌ನ ಮುಂದಿನ ಸೀಸನ್ನನ್ನೇ ತಡೆಹಿಡಿದರು. ಮರು ತಿಂಗಳು ಬೆಂಗಳೂರು ಎಫ್‌ಸಿ ಆಟಗಾರರ ಸಂಬಳ ನಿಲ್ಲಿಸಿತು. ಆಗ ಸುನಿಲ್ ಛೆಟ್ರಿ ಆಡುತ್ತಿದ್ದ ತಂಡದ ಕಥೆಯೇ ಹೀಗಾದರೆ, ಆರನೇ ಸೆಮಿಸ್ಟರಿನ ಹುಡುಗಿ ಹೆದರಿದರೆ ಅದರಲ್ಲಿ ಏನು ತಪ್ಪು?

ನಿಮ್ಮಣ್ಣ ಡಲ್ಲಾಸಿನಿಂದ ಫೋನ್ ಮಾಡಿದಾಗ ಅಲ್ಲಿ ಹೇಗೆ ಅಂತ ಕೇಳಿದೆ. ಕಾಲೇಜಿನಲ್ಲಿ ಆಡುವವರಿಗೆ ಸ್ಕಾಲರ್‌ಶಿಪ್, ಹುಲ್ಲಿನ ಮೈದಾನ, ಡಾಕ್ಟರು ಎಲ್ಲ ಇದ್ದರೂ ಅಲ್ಲೂ ಇದೇ ಕಥೆಯಂತೆ. ಎಲ್ಲ ಆಟ ಸೇರಿ ಸುಮಾರು ಐದು ಲಕ್ಷ ಕಾಲೇಜು ಆಟಗಾರರು. ಆಟವನ್ನೇ ಕಸುಬು ಮಾಡಿಕೊಳ್ಳುವವರು ನೂರಕ್ಕೆ ಇಬ್ಬರೂ ಇಲ್ಲ. ತಮ್ಮ ತಮ್ಮ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದ ಮಕ್ಕಳೇ ಅಲ್ಲಿಗೆ ಹೋಗಿರುತ್ತಾರೆ. ಹೋದ ಮೇಲೆ ಬೆಂಚು. ನೀನೂ ದಾವಣಗೆರೆಯಲ್ಲಿ ಒಬ್ಬಳೇ ಇದ್ದೆ, ಬೆಂಗಳೂರಿನಲ್ಲಿ ನಿನ್ನಂಥವರೇ ತುಂಬಿದ್ದಾರೆ. ಇದನ್ನು ಯಾರೂ ಮೊದಲೇ ಕೂರಿಸಿಕೊಂಡು ಹೇಳುವುದಿಲ್ಲ. ನಾವೂ ಹೇಳಲಿಲ್ಲ. ಬರೀ ಹಾರ ಹಾಕಿ ರೈಲು ಹತ್ತಿಸಿದೆವು.

ನೋಡು, ಎಲ್ಲೆಲ್ಲಿಗೋ ಹೋದೆ. ಮತ್ತೆ ನಿನ್ನ ಮಳೆಯ ದಿನಕ್ಕೇ ಬರುತ್ತೇನೆ.

ಆ ದಿನ ಖುಷಿಯಾದಾಗ ಮೊಣಕಾಲು ನೋಯುತ್ತಿತ್ತಾ? ಇದನ್ನು ಮೊದಲು ಕೇಳಬೇಕಿತ್ತು. ನೀನು ಒಂದೇ ಸಾಲು ಬರೆದು ಮುಂದಕ್ಕೆ ಹೋಗಿದ್ದೀಯ, "ಸ್ವಲ್ಪ ನೋವು, ತಿರುಗುವಾಗ ಕಾಲು ಜಾರಿದ ಹಾಗಾಗುತ್ತದೆ" ಅಂತ. ಬೆಳಿಗ್ಗೆ ವಾಕಿಂಗ್‌ನಲ್ಲಿ ಸಿಗುವ ಮೂಳೆ ಡಾಕ್ಟರಿಗೆ ಇದನ್ನು ಹೇಳಿದೆ. ಅವರು ನಡೆಯುತ್ತಿದ್ದವರು ಅಲ್ಲೇ ನಿಂತು, ಬೇಗ ತೋರಿಸಲು ಹೇಳಿ ಅಂದರು. ಮೊಣಕಾಲಿನ ಒಳಗಿನ ಎಸಿಎಲ್ ಅನ್ನೋ ಕಟ್ಟು ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಎರಡು ಮೂರು ಪಟ್ಟು ಜಾಸ್ತಿಯಂತೆ. ಆಪರೇಷನ್ ಆದರೆ ಮತ್ತೆ ಆಡಲು ಒಂಬತ್ತು ತಿಂಗಳಾದರೂ ಬೇಕಂತೆ. ನಿನಗೆ ಅದೇ ಆಗಿದೆ ಅಂತ ಅವರೂ ಹೇಳಲಿಲ್ಲ, ನಾನೂ ಹೇಳುತ್ತಿಲ್ಲ. ಆದರೆ ಮೈಗೆ ನೋವಿದ್ದು, ಅದನ್ನು ಕೋಚಿಗೆ ಹೇಳಿದರೆ ಜಾಗ ಹೋಗುತ್ತದೆ ಅಂತ ಬಾಯಿ ಮುಚ್ಚಿಕೊಂಡಿರುವ ಹುಡುಗಿಗೆ ಮಳೆ ಬಂದರೆ ಖುಷಿಯಾಗದೆ ಇನ್ನೇನಾಗುತ್ತದೆ? ಅದು ಪ್ರೀತಿ ಹೋದ ಲಕ್ಷಣವೇ ಅಲ್ಲ.

ರಜೆ ಅನ್ನೋದೂ ನಿನಗೆ ಸಿಕ್ಕಿಲ್ಲ. ಹತ್ತನೇ ವಯಸ್ಸಿನಿಂದ ಬೇಸಿಗೆ ಬಂತು ಅಂದರೆ ಕ್ಯಾಂಪ್, ದಸರಾ ಬಂತು ಅಂದರೆ ಟೂರ್ನಮೆಂಟ್. ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘ, ಒಂದೇ ಆಟ ಆಡುವ ಮಕ್ಕಳಿಗೆ ವಾರಕ್ಕೆ ಒಂದೆರಡು ದಿನ ಬಿಡುವು ಕೊಡಿ, ವರ್ಷದಲ್ಲಿ ಒಟ್ಟು ಮೂರು ತಿಂಗಳು ಆ ಆಟದಿಂದ ದೂರ ಇಡಿ ಅಂತ ಹೇಳುತ್ತದೆ. ಒಂದೊಂದು ತಿಂಗಳಾಗಿ ಹಂಚಿ ಕೊಟ್ಟರೂ ಸರಿಯಂತೆ. ಇದನ್ನು ಓದಿದಾಗ ನನಗೆ ನಿನ್ನ ಬೇಸಿಗೆಗಳೆಲ್ಲ ಕಣ್ಣ ಮುಂದೆ ಬಂದವು. ಒಂದು ಬೇಸಿಗೆಯಾದರೂ ನೀನು ಸುಮ್ನೆ ಅಟ್ಟದ ಮೇಲೆ ಮಲಗಿ ಮಾವಿನಹಣ್ಣು ತಿಂದಿಲ್ಲ.

ಕರ್ನಾಟಕ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು, ನೆನಪಿದೆಯಾ? 54 ವರ್ಷದ ಮೇಲೆ ಬಂದ ಕಪ್. ಹಿಂದಿನ ಸಲ ಗೆದ್ದಾಗ ರಾಜ್ಯದ ಹೆಸರು ಇನ್ನೂ ಮೈಸೂರು, ನಾನು ಪ್ರೈಮರಿ ಶಾಲೆಯ ಹುಡುಗ. ಆ ಸುದ್ದಿ ಓದಿ ಎಲ್ಲರಿಗೂ ಸಂತೋಷ. ನನಗೂ ಸಂತೋಷವೇ. ಆದರೆ ನಡುವಿನ ಆ ವರ್ಷಗಳಲ್ಲಿ ಗುಮಾಸ್ತರಾದವರು, ಕಂಡಕ್ಟರಾದವರು, ಮೇಷ್ಟ್ರಾದವರು, ಹಳ್ಳಿಗೆ ಹೋಗಿ ಹೊಲ ನೋಡಿಕೊಂಡವರು ನೆನಪಾದರು. ನನ್ನ ಜೊತೆ ಬಲಗಡೆ ಆಡುತ್ತಿದ್ದವನು ನನಗಿಂತ ಎಷ್ಟೋ ಚೆನ್ನಾಗಿ ಆಡುತ್ತಿದ್ದ. ಅವನು ಯಾಕೆ ಬಿಟ್ಟ ಅಂತ ನಾವ್ಯಾರೂ ಕೇಳಲೇ ಇಲ್ಲ. ಬಿಡುವುದು ಮಾಮೂಲಿ ಅಂದುಕೊಂಡಿದ್ದೆವು. ಈಗಲೂ ಹಾಗೇ ಅಂದುಕೊಳ್ಳುತ್ತಾರೆ. ಹುಡುಗಿ ಬಿಟ್ಟರಂತೂ, ಸದ್ಯ ಬುದ್ಧಿ ಬಂತು ಅನ್ನುತ್ತಾರೆ.

ನಿನಗೆ ಏನು ಮಾಡು ಅಂತ ಹೇಳಲಿ? ನಾನು ಬೆಂಗಳೂರಿನ ಮೈದಾನದಲ್ಲಿ ನಿಂತಿಲ್ಲ, ನಿನ್ನ ಪರೀಕ್ಷೆಗಳನ್ನು ಬರೆಯುತ್ತಿಲ್ಲ. ಹೇಳುವ ಹಕ್ಕು ಎಷ್ಟಿದೆಯೋ ಗೊತ್ತಿಲ್ಲ. ಆದರೂ ತೋಚಿದ್ದನ್ನು ಬರೆಯುತ್ತೇನೆ, ಬೇಕಾದ್ದು ಇಟ್ಟುಕೋ.

ಈ ವಾರವೇ ಕಾಲು ತೋರಿಸು. ಸ್ಕ್ಯಾನ್ ಅಂದರೆ ಮಾಡಿಸು, ದುಡ್ಡು ನಾನು ಕಳಿಸುತ್ತೇನೆ. ಏನೂ ಇಲ್ಲ ಅಂದರೆ ಫಿಫಾ 11 ಪ್ಲಸ್ ಅಂತ ವಾರ್ಮಪ್ ಇದೆಯಂತೆ, ಇಪ್ಪತ್ತು ನಿಮಿಷದ್ದು, ಗಾಯ ಕಡಿಮೆ ಮಾಡುತ್ತದಂತೆ. ನಿಮ್ಮ ಕೋಚಿಗೆ ಗೊತ್ತೇ ಇರಬೇಕು. ಗೊತ್ತಿದ್ದರೆ ಮಾಡಿಸುತ್ತಿಲ್ಲವೇಕೆ ಅಂತ ಮೆತ್ತಗೆ ಕೇಳು. ಬೆಂಚಿನಲ್ಲಿ ಯಾಕೆ ಕೂರಿಸಿದ್ದೀರಿ ಸರ್ ಅಂತಲೂ ಕೇಳು. ಉತ್ತರ ಕಹಿ ಇದ್ದರೂ ಇರಲಿ.

ಸೆಮಿಸ್ಟರ್ ಮುಗಿದ ಮೇಲೆ ಒಂದು ತಿಂಗಳು ಚೆಂಡು ಮುಟ್ಟಬೇಡ. ಊರಿಗೆ ಬಾ. ಬಿಟ್ಟೆ ಅಂತ ಯಾರಿಗೂ ಹೇಳಬೇಡ, ಬಿಡಲ್ಲ ಅಂತಲೂ ಹೇಳಬೇಡ. ಆ ತಿಂಗಳಲ್ಲಿ ಓಣಿ ಹುಡುಗರು ಆಡುವುದನ್ನು ಕಂಡು ಕಾಲು ತುಡಿಯಿತು ಅಂದರೆ ಒಂದು ಮಾತು. ತುಡಿಯದೇ ಇದ್ದರೂ ಭಯ ಪಡಬೇಡ ಮಗಳೇ. ಹಾಗಾದರೆ ನೀನು ಗೊತ್ತಿದ್ದು ಬಿಟ್ಟಂತಾಯಿತು. ನನಗೆ ಅದು ಸಿಗಲಿಲ್ಲ.

ಇಪ್ಪತ್ತೊಂದನೇ ವಯಸ್ಸಿಗೆ ಎಲ್ಲ ಮುಗಿಯಿತು ಅನ್ನೋ ಮಾತು ಮಾತ್ರ ನಂಬಬೇಡ. ಮಣಿಪುರದ ಬಾಲಾ ದೇವಿ ಪೊಲೀಸ್ ಕೆಲಸದಲ್ಲಿದ್ದುಕೊಂಡೇ ಆಡುತ್ತಿದ್ದರು. 2020ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಅವರನ್ನು ಕರೆದಾಗ ಹತ್ತಿರ ಹತ್ತಿರ ಮೂವತ್ತು ವಯಸ್ಸು. ಎಲ್ಲರೂ ಬಾಲಾ ದೇವಿ ಆಗಲ್ಲ, ಗೊತ್ತು. ಕೆಲಸಕ್ಕೆ ಸೇರಿ ಭಾನುವಾರ ಲೋಕಲ್ ಲೀಗ್ ಆಡುವವರೂ ಇದ್ದಾರೆ. ಕೋಚಿಂಗ್ ಇಷ್ಟವಾದರೆ ಫೆಡರೇಷನ್ನಿನ ಡಿ ಲೈಸೆನ್ಸ್ ಅಂತ ಆರಂಭದ ಮೆಟ್ಟಿಲಿದೆ, ಪಟಿಯಾಲಾದ ಕ್ರೀಡಾ ಸಂಸ್ಥೆ ಎನ್‌ಐಎಸ್‌ನ ಆರು ವಾರದ ಕೋರ್ಸ್ ಇದೆ. ರೈಲ್ವೆಯ ಸ್ಪೋರ್ಟ್ಸ್ ಕೋಟಾ ಅರ್ಜಿಗಳ ಮೇಲೂ ಕಣ್ಣಿಡು. ಜೂನಿಯರ್ ನ್ಯಾಷನಲ್ಸ್ ಸರ್ಟಿಫಿಕೇಟ್ ಎಲ್ಲಿಟ್ಟಿದ್ದೀಯ? ಇಲ್ಲಿ ಗೋದ್ರೆಜ್‌ನಲ್ಲಿ ಒಂದು ಇದೆ, ಇನ್ನೊಂದು ಕಾಣುತ್ತಿಲ್ಲ. ಹುಡುಕು.

ಪ್ಲೇಸ್‌ಮೆಂಟಿಗೂ ಕೂತುಕೋ. ಕೆಲಸ ಕೈಗೆ ಬಂದರೆ ಆಟಕ್ಕೆ ಮೋಸ ಮಾಡಿದ ಹಾಗೆ ಅಂತ ಬರೆದಿದ್ದೀಯ. ಹಾಗೇನಿಲ್ಲ. ಆಟ ನಿನಗೆ ಅನ್ನ ಹಾಕಲೇಬೇಕು ಅನ್ನೋ ಭಾರ ಕೆಳಗಿಳಿದರೆ, ಪ್ರಾಕ್ಟೀಸ್ ಇಲ್ಲ ಅಂದಾಗ ಏನನಿಸುತ್ತದೆ ಅಂತ ಇನ್ನೊಂದು ಸಲ ನೋಡಬಹುದು. ಆಗ ಬೇಜಾರಾದರೂ ಆದೀತು.

ನೀನು ಬರೆದದ್ದನ್ನು ನಿಮ್ಮಪ್ಪನಿಗೆ ನಾನು ಹೇಳಿಲ್ಲ. ಅವನಿಗೆ ನಿನ್ನ ಆಟದ ಮೇಲೆ ನಿನಗಿಂತ ಆಸೆ ಜಾಸ್ತಿ, ಅದೂ ಒಂದು ಭಾರವೇ. ಯಾವಾಗ ಹೇಳಬೇಕು ಅಂತ ನೀನೇ ನಿರ್ಧಾರ ಮಾಡು. ಜೊತೆಗೆ ನಾನಿರಬೇಕು ಅನಿಸಿದರೆ ಕೂತಿರುತ್ತೇನೆ, ನನ್ನ ಕಥೆಯನ್ನೂ ಅವತ್ತೇ ಅವನಿಗೆ ಹೇಳುತ್ತೇನೆ.

ಡಾಕ್ಟರು ಏನಂದರು ಅಂತ ತೋರಿಸಿದ ದಿನವೇ ಫೋನ್ ಮಾಡು. ಪತ್ರಕ್ಕೆ ಕಾಯಬೇಡ.

ನಿನ್ನ
ದೊಡ್ಡಪ್ಪ