ಪಿಯು ಮನಃಶಾಸ್ತ್ರದ ಪ್ರಾಕ್ಟಿಕಲ್‌ಗೆ ಕನ್ನಡದ ಪದಪಟ್ಟಿ ಬೇಕು

ಮಾನ್ಯರೇ,

ಪಿಯು ಕಲಾ ವಿಭಾಗದಲ್ಲಿ ಪ್ರಾಕ್ಟಿಕಲ್ ಇರುವ ವಿಷಯಗಳು ಬೆರಳೆಣಿಕೆಯಷ್ಟು. ಮನಃಶಾಸ್ತ್ರ ಅವುಗಳಲ್ಲೊಂದು. ಥಿಯರಿಗೆ 70, ಪ್ರಾಕ್ಟಿಕಲ್‌ಗೆ 30 ಅಂಕ. ಆ 30 ಅಂಕ ಎಷ್ಟೋ ಕಡೆ ರೆಕಾರ್ಡ್ ಪುಸ್ತಕದ ಅಂದಕ್ಕೆ ಸಲ್ಲುತ್ತಿದೆ. ಹಿಂದಿನ ಬ್ಯಾಚಿನ ರೆಕಾರ್ಡಿನಿಂದ ಕೋಷ್ಟಕ ಇಳಿಸಿಕೊಂಡು ನಾಲ್ಕು ಅಂಕಿ ಹಿಂದೆ ಮುಂದೆ ಮಾಡಿದರೆ ಪ್ರಯೋಗ ಮುಗಿಯಿತು. ಇದಕ್ಕೆ ವಿದ್ಯಾರ್ಥಿಗಳನ್ನಷ್ಟೇ ದೂರಿ ಫಲವಿಲ್ಲ. ಕನ್ನಡ ಮಾಧ್ಯಮದವರು ಕೂತು ಮಾಡುವುದಕ್ಕೆ ತಕ್ಕ ಸಾಮಗ್ರಿಯನ್ನು ನಾವು ಕೊಟ್ಟಿದ್ದೇವೆಯೇ ಎಂದೂ ಕೇಳಿಕೊಳ್ಳಬೇಕು.

ನೆನಪಿನ ಪ್ರಯೋಗವನ್ನೇ ನೋಡಿ. ಅರ್ಥವಿರುವ ಪದ ಹೆಚ್ಚು ನೆನಪಿರುತ್ತದೆಯೇ, ಅರ್ಥವಿಲ್ಲದ್ದೇ ಎಂಬುದು ಪ್ರಶ್ನೆ. ಜರ್ಮನಿಯ ಮನಃಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ನೆನಪಿನ ಅಧ್ಯಯನಕ್ಕಾಗಿ ವ್ಯಂಜನ, ಸ್ವರ, ವ್ಯಂಜನ ಜೋಡಿಸಿ ಸುಮಾರು 2,300 ಅರ್ಥಹೀನ ಪದಾಂಶ ಕಟ್ಟಿಕೊಂಡಿದ್ದರು. ಅವರ ಪುಸ್ತಕ ಬಂದದ್ದು 1885ರಲ್ಲಿ. ಅದೇ ಮಾದರಿಯ ಇಂಗ್ಲಿಷ್ ಅಕ್ಷರಗಳ ಪಟ್ಟಿಯನ್ನು ಕನ್ನಡದಲ್ಲೇ ಓದಿ ಬಂದ ಹುಡುಗಿಯ ಮುಂದೆ ಹಿಡಿದರೆ, ಕೊಟ್ಟ ಎರಡು ಸೆಕೆಂಡು ಕೂಡಿಸಿ ಓದುವುದಕ್ಕೇ ಸರಿಹೋಗುತ್ತದೆ. ಅವಳು ಮರೆತದ್ದು ಅರ್ಥವಿಲ್ಲದ್ದರಿಂದಲೋ ಲಿಪಿ ತೊಡಕಾದ್ದರಿಂದಲೋ ಯಾರೂ ಹೇಳಲಾರರು.

ಕನ್ನಡದಲ್ಲಿ ಅರ್ಥಹೀನ ಪದ ಕಟ್ಟುವುದು ಕಾಣುವಷ್ಟು ಸುಲಭವಲ್ಲ. ‘ಘೂಬೆ’ ಬರಹದಲ್ಲಿ ಅರ್ಥಹೀನ. ಮಹಾಪ್ರಾಣ ಸಡಿಲವಾಗಿರುವ ಬಾಯಲ್ಲಿ ಅದು ಗೂಬೆಯೇ. ‘ಮಬು’ ಎಂದರೆ ತಲೆಯಲ್ಲಿ ಮಬ್ಬು ಕವಿಯುತ್ತದೆ. ಮೈಸೂರಿನ ಮೇಷ್ಟ್ರು ನಿಶ್ಚಿಂತೆಯಿಂದ ಪಟ್ಟಿಗೆ ಸೇರಿಸುವ ‘ಖೋಲಿ’ ಧಾರವಾಡದ ಹುಡುಗನಿಗೆ ದಿನವೂ ಮಲಗುವ ಕೋಣೆ. ಈ ಕಾಟವೇ ಬೇಡವೆಂದು ಣ, ಳ ಗಳಿಂದ ಪದ ಶುರುಮಾಡಿದರೆ ನಾಲಿಗೆ ತಡವರಿಸಿ ಹಳೆಯ ತೊಂದರೆಗೇ ಮರಳುತ್ತೇವೆ. ‘ದೈಪು’, ‘ರೌಣಿ’ಯಂಥವು ವಾಸಿ, ಆದರೂ ಪರೀಕ್ಷಿಸದೆ ಬಳಸಬಾರದು.

ಪರೀಕ್ಷಿಸುವುದು ಒಂದು ಪೀರಿಯಡ್‌ನ ಕೆಲಸ. ಒತ್ತಕ್ಷರವಿಲ್ಲದ ಎರಡಕ್ಷರದ 30 ಪದ ಕಟ್ಟಿ, ಪ್ರಯೋಗಕ್ಕೆ ಕೂರದ 20 ವಿದ್ಯಾರ್ಥಿಗಳಿಗೆ ಒಂದೊಂದಾಗಿ ಓದಲು ಕೊಡಿ. ಐದು ಸೆಕೆಂಡಿನಲ್ಲಿ ಏನಾದರೂ ನೆನಪಾದರೆ ಬರೆಯಲಿ. ನಾಲ್ಕು ಜನಕ್ಕಿಂತ ಹೆಚ್ಚು ಮಂದಿಗೆ ಏನೋ ಹೊಳೆದ ಪದವನ್ನು ತೆಗೆದುಹಾಕಿ, ಉಳಿದವುಗಳಲ್ಲಿ 12 ಆರಿಸಿ. ಅರ್ಥವಿರುವ 12 ಪದಗಳೂ ಎರಡಕ್ಷರದವೇ ಆಗಿರಬೇಕು; ‘ಹಾಲು, ಕಾಫಿ, ನೀರು’ ಎಂದು ಒಂದೇ ಬಳಗದವು ಬಂದರೆ ಒಂದು ಇನ್ನೊಂದನ್ನು ಎಳೆದು ತರುತ್ತದೆ. ಒಂದೊಂದು ಪದಕ್ಕೆ ಒಂದೊಂದು ಚೀಟಿ, ಒಂದು ಚೀಟಿಗೆ ಎರಡು ಸೆಕೆಂಡು. ಪಟ್ಟಿ ಮುಗಿದ ಮೇಲೆ ಒಂದು ನಿಮಿಷ 100ರಿಂದ ಮೂರು ಮೂರು ಕಳೆಯುತ್ತಾ ಹಿಂದಕ್ಕೆ ಎಣಿಸಲಿ, ಇಲ್ಲದಿದ್ದರೆ ಕೊನೆಯ ಪದಗಳು ಬಾಯಲ್ಲೇ ಉಳಿದಿರುತ್ತವೆ. ಆಮೇಲೆ ನೆನಪಾದದ್ದನ್ನು ಯಾವ ಕ್ರಮದಲ್ಲಾದರೂ ಬರೆಯಲು ಎರಡು ನಿಮಿಷ. ತರಗತಿಯ ಅರ್ಧ ಜನಕ್ಕೆ ಅರ್ಥವಿರುವ ಪಟ್ಟಿ ಮೊದಲು, ಉಳಿದರ್ಧಕ್ಕೆ ಅರ್ಥವಿಲ್ಲದ್ದು ಮೊದಲು. ಈ ಅದಲುಬದಲು ಬಿಟ್ಟರೆ ದಣಿವು ಅಥವಾ ಅಭ್ಯಾಸವೇ ಫಲಿತಾಂಶವೆಂದು ರೆಕಾರ್ಡ್ ಸೇರುತ್ತದೆ.

ಉಪಕರಣ ಇಲ್ಲವೆಂಬ ದೂರಿಗೆ ಮುಲ್ಲರ್–ಲಯರ್ ಭ್ರಮೆಯ ಪ್ರಯೋಗವೇ ಉತ್ತರ. ಸಮ ಉದ್ದದ ಎರಡು ಗೆರೆಗಳಲ್ಲಿ ತುದಿಗೆ ಬಾಣದ ತಲೆಯಿರುವುದು ಗಿಡ್ಡವಾಗಿಯೂ, ಗರಿಯಂತೆ ಹೊರಕ್ಕೆ ಕವಲೊಡೆದದ್ದು ಉದ್ದವಾಗಿಯೂ ಕಾಣುವುದೇ ಈ ಭ್ರಮೆ. ದಪ್ಪ ರಟ್ಟಿನ ಮೇಲೆ 100 ಮಿ.ಮೀ. ಅಳತೆಗೆರೆ, ಅದರ ಎರಡೂ ತುದಿಗೆ ಬಾಣದ ತಲೆ. ರಟ್ಟಿನೊಳಗೆ ಜಾರುವ ಇನ್ನೊಂದು ಪಟ್ಟಿಯ ಗೆರೆಯ ಹೊರತುದಿಗೆ ಕವಲೊಡೆದ ಗರಿ, ಪಟ್ಟಿಯ ಬೆನ್ನಿಗೆ ಮಿ.ಮೀ. ಸ್ಕೇಲು. (1924ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ನಡೆಸಿದವರು. ಆ ಪರಂಪರೆಯ ನಾವು ಒಂದು ರಟ್ಟು ಜಾರಿಸಲು ಟೆಂಡರ್ ಕಾಯಬೇಕೇ?) ಎರಡು ಗೆರೆಯೂ ಸಮ ಎನಿಸುವವರೆಗೆ ವಿದ್ಯಾರ್ಥಿ ಪಟ್ಟಿ ಜಾರಿಸಬೇಕು. ಉದ್ದದಿಂದ ಒಳಕ್ಕೆ, ಗಿಡ್ಡದಿಂದ ಹೊರಕ್ಕೆ, ಅಳತೆಗೆರೆ ಎಡಕ್ಕಿಟ್ಟು ಮತ್ತು ಬಲಕ್ಕಿಟ್ಟು ಹತ್ತತ್ತು ಸಲ, ಒಟ್ಟು 40 ರೀಡಿಂಗ್. ಸರಾಸರಿ 82 ಬಂದಿತೆನ್ನಿ, ಭ್ರಮೆ 18 ಮಿ.ಮೀ. ಒಳಕ್ಕೆ ಜಾರಿಸಿದಾಗ 84, ಹೊರಕ್ಕೆ ಜಾರಿಸಿದಾಗ 80 ಇದ್ದರೆ ವ್ಯತ್ಯಾಸದ ಅರ್ಧ, ಅಂದರೆ 2 ಮಿ.ಮೀ., ಚಲನೆಯ ದೋಷ, ಜಾರಿಸಿದ ದಿಕ್ಕಿನಿಂದ ಬಂದ ತಪ್ಪು.

ಪ್ರತಿ ಸಲವೂ ಒಂದೇ ಜಾಗದಿಂದ ಶುರುಮಾಡಿಸಿದರೆ ಕಣ್ಣಿನ ಬದಲು ಕೈ ದೂರವನ್ನು ಕಲಿತುಬಿಡುತ್ತದೆ. ಪ್ರಯೋಗ ನಡೆಸುವವರು ‘ಹ್ಞಾಂ’ ಎಂದು ತಲೆಯಾಡಿಸಿದರೂ ಮುಂದಿನ ರೀಡಿಂಗ್ ಕೆಟ್ಟಿತು. ಪ್ರಯೋಗ ಮಾಡದೆ ಕಟ್ಟಿದ ರೀಡಿಂಗ್ ಹಿಡಿಯುವುದೂ ಕಷ್ಟವಲ್ಲ: ಬಹುಪಾಲು ಅಂಕಿಗಳು 0 ಅಥವಾ 5ರಲ್ಲಿ ಮುಗಿಯುತ್ತವೆ, 40ರಲ್ಲಿ ಒಂದೂ ದಾರಿತಪ್ಪಿರುವುದಿಲ್ಲ.

ಪ್ರಾಕ್ಟಿಕಲ್‌ನಲ್ಲಿ ವಿದ್ಯಾರ್ಥಿಗಳಿಗೆ ಕೊಡುವ, ಆತಂಕ ಅಳೆಯುವ ಪ್ರಶ್ನಾವಳಿಗಳ ಬಗ್ಗೆ ಒಂದು ಮಾತು. ಯಾರ ಅಂಕ ಎಷ್ಟೆಂದು ತರಗತಿಯಲ್ಲಿ ಓದಿ ಹೇಳುವ ರೂಢಿ ನಿಲ್ಲಬೇಕು. ರೆಕಾರ್ಡಿನಲ್ಲಿ ಹೆಸರಿನ ಜಾಗಕ್ಕೆ ಸಂಕೇತ ಸಾಕು. ಅಂಕ ತೀರಾ ಹೆಚ್ಚಿದ್ದು ಮಗುವೂ ಕುಗ್ಗಿದಂತೆ ಕಂಡರೆ ಬದಿಗೆ ಕರೆದು ಮಾತಾಡಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ–ಮಾನಸ್‌ನ 14416 ಸಂಖ್ಯೆ ಕೊಡಿ. ಅದು ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಶಾಲಾ ಶಿಕ್ಷಣ ಇಲಾಖೆ (ಪದವಿಪೂರ್ವ) ಮಾಡಬೇಕಾದ್ದು ಎರಡು. ಮೈಸೂರು, ಬೆಂಗಳೂರು, ಬೆಳಗಾವಿ, ಕಲಬುರಗಿ ನಾಲ್ಕೂ ಕಡೆಯ ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದ ಕನ್ನಡ ಪದಪಟ್ಟಿಗಳನ್ನು ಎಲ್ಲ ಕಾಲೇಜುಗಳಿಗೂ ಕಳಿಸಲಿ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಪರೀಕ್ಷಕರು ರೆಕಾರ್ಡ್ ಬಿಡಿಸುವ ಮೊದಲು ವಿದ್ಯಾರ್ಥಿಯ ಕೈಗೆ ರಟ್ಟಿನ ಪಟ್ಟಿ ಕೊಟ್ಟು, ಕಣ್ಣೆದುರೇ ಐದು ರೀಡಿಂಗ್ ತೆಗೆಸಲಿ.

– ಮನಃಶಾಸ್ತ್ರ ಉಪನ್ಯಾಸಕರು, ಮೈಸೂರು